ಪರದೇಶಿ ಎಂಬ ಮೊಹರು

ದೇಶದ ಭದ್ರತೆ, ವಲಸೆ ಮತ್ತು ಗಡಿ ದಾಟುವ ಪ್ರಯಾಣದ ಹೆಸರಿನಲ್ಲಿ ಸರ್ಕಾರ ತುಂಬಿಸಿಕೊಳ್ಳುವ ನಮೂನೆಗಳ ಬಗ್ಗೆ ಒಂದು ನಂಬಿಕೆ ಇಂದು ಓದಿದವರಲ್ಲಿಯೂ ಓದದವರಲ್ಲಿಯೂ ಸಮನಾಗಿ ಬೇರುಬಿಟ್ಟಿದೆ. ನಮೂನೆ ಹೆಚ್ಚಿದಷ್ಟೂ ನಾಡು ಸುಭದ್ರ, ಕಾಗದಪತ್ರ ಸರಿಯಾಗಿರುವವರು ಅಂಜಬೇಕಾಗಿಲ್ಲ, ಅಂಜುವವರಲ್ಲಿ ಏನೋ ಹುಳುಕು ಇದ್ದೇ ಇದೆ ಎಂಬುದು ಅದರ ಸಾರ. ಈ ನಂಬಿಕೆ ತಪ್ಪು. ದೇಶದೊಳಗೆ ಬರುವವರು ಯಾರು, ಏತಕ್ಕೆ ಬರುತ್ತಾರೆ ಎಂದು ಕೇಳುವ ಹಕ್ಕು ಪ್ರಭುತ್ವಕ್ಕೆ ಇದೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಬಂದು ನೆಲೆಸಿ, ಮಕ್ಕಳು ಮೊಮ್ಮಕ್ಕಳನ್ನು ಕಂಡು, ಊರವರಿಗೂ ಪೊಲೀಸರಿಗೂ ಹೆಸರು ಹಿಡಿದು ಕರೆಯುವಷ್ಟು ಪರಿಚಿತರಾದವರನ್ನು ಅದೇ ಪ್ರಶ್ನೆ ಐವತ್ತು ವರ್ಷ ಕೇಳುತ್ತಲೇ ಇರುವುದರಿಂದ ನಾಡಿಗೆ ರಕ್ಷಣೆ ಸಿಗುವುದಿಲ್ಲ, ಸಿಗುವುದು ಕಡತ ಮಾತ್ರ. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ಸೀಮೆಯ ಉದಾಹರಣೆ ಇದನ್ನು ಬೇರೆಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸುತ್ತದೆ.

ಹನೂರು ತಾಲ್ಲೂಕಿನ ಲೊಕ್ಕನಹಳ್ಳಿಯ ಆಚೆ, ಬಿಳಿಗಿರಿರಂಗನ ಬೆಟ್ಟದ ಸಾಲಿಗೆ ಹೊಂದಿಕೊಂಡ ಒಡೆಯರಪಾಳ್ಯದಲ್ಲಿ ಧೊಂಡೆನ್‌ಲಿಂಗ್ ಎಂಬ ಟಿಬೆಟನ್ ವಸತಿ ನೆಲೆ ಇದೆ. 1959ರಲ್ಲಿ ದಲೈ ಲಾಮಾ ಮತ್ತು ಅವರ ಬೆನ್ನಿಗೆ ಬಂದ ಸಾವಿರಾರು ಜನ ಭಾರತದ ಆಶ್ರಯ ಪಡೆದ ಮೇಲೆ ರಾಜ್ಯ ಸರ್ಕಾರ ಬೈಲಕುಪ್ಪೆ, ಮುಂಡಗೋಡು, ಹುಣಸೂರುಗಳಲ್ಲಿ ಅವರಿಗೆ ನೆಲ ಕೊಟ್ಟಿತು. ಆ ಸರಣಿಯಲ್ಲಿ ಕಡೆಯದಾಗಿ 1970ರ ದಶಕದ ಮೊದಲರ್ಧದಲ್ಲಿ ಈ ನೆಲೆ ಏರ್ಪಟ್ಟಿತು. ಸುಮಾರು 3,000 ಎಕರೆ ಭೂಮಿಯನ್ನು ಗುತ್ತಿಗೆಯ ಮೇಲೆ ಪಡೆದ ಕುಟುಂಬಗಳು ಕುರುಚಲು ಕಾಡು ಕಡಿದು ಹೊಲ ಮಾಡಿ, ಮುಸುಕಿನ ಜೋಳ, ರಾಗಿ ಬೆಳೆದು, ಬೆಳೆ ಕೈಗೆ ಬರುವ ಹೊತ್ತಿಗೆ ಆನೆಗಳು ನುಗ್ಗದಂತೆ ರಾತ್ರಿಯಿಡೀ ಕಾವಲು ಕೂತು, ಚಳಿಗಾಲ ಬಂದರೆ ಸ್ವೆಟರ್ ಗಂಟು ಹೊತ್ತು ದೂರದ ನಗರಗಳಿಗೆ ಹೋಗಿ ವ್ಯಾಪಾರ ಮಾಡಿ ಬದುಕು ಕಟ್ಟಿಕೊಂಡವು. ಇಲ್ಲಿನ ಜೋಗ್‌ಚೆನ್ ಮಠವನ್ನು 1992ರಲ್ಲಿ ದಲೈ ಲಾಮಾ ಅವರೇ ಬಂದು ಉದ್ಘಾಟಿಸಿದರು. ಸುತ್ತಲಿನ ಸೋಲಿಗರ ಪೋಡುಗಳಿಗೂ ಕನ್ನಡ, ತಮಿಳು ಮಾತಾಡುವ ರೈತರಿಗೂ ಇವರು ಹೊಸಬರಲ್ಲ. ಕೂಲಿ, ಸಂತೆ, ಆಸ್ಪತ್ರೆ, ಬಸ್ಸು ಎಲ್ಲದರಲ್ಲೂ ಅರ್ಧ ಶತಮಾನದ ಒಡನಾಟವಿದೆ.

ಆದರೂ ದಾಖಲೆಯ ಪ್ರಕಾರ ಈ ನೆಲೆಯ ವಯಸ್ಕರು ವಿದೇಶಿಯರು. ಅವರ ಬದುಕಿನ ಆಧಾರ ಆರ್‌ಸಿ ಎಂದು ಎಲ್ಲರ ಬಾಯಲ್ಲೂ ಇರುವ ನೋಂದಣಿ ಪ್ರಮಾಣಪತ್ರ. ವಿದೇಶಿಯರ ನೋಂದಣಿಗಾಗಿ 1939ರಲ್ಲಿ ಬ್ರಿಟಿಷರು ಮಾಡಿದ ಕಾಯ್ದೆಯಿಂದ ಹುಟ್ಟಿದ ಈ ಪತ್ರವನ್ನು ಜಿಲ್ಲೆಯಲ್ಲಿ ಕೊಡುವ ಮತ್ತು ನವೀಕರಿಸುವ ಅಧಿಕಾರಿ ಪೊಲೀಸ್ ವರಿಷ್ಠಾಧಿಕಾರಿಯೇ; ಎಂದರೆ ಒಡೆಯರಪಾಳ್ಯದ ಮುದುಕಿಯೊಬ್ಬಳು ತಾನು ಇದ್ದಲ್ಲೇ ಇದ್ದೇನೆ ಎಂದು ಹೇಳಲು ಕೊಳ್ಳೇಗಾಲ, ಯಳಂದೂರು, ಸಂತೇಮರಹಳ್ಳಿ ದಾಟಿ ಚಾಮರಾಜನಗರದ ಪೊಲೀಸ್ ಕಚೇರಿಯ ಕಡೆ ನೋಡಬೇಕು. ಹಿಂದೆ ಮೇಲಿಂದ ಮೇಲೆ ಮಾಡಿಸಬೇಕಾಗಿದ್ದ ನವೀಕರಣ ಈಗ ಅನೇಕರಿಗೆ ಐದು ವರ್ಷಕ್ಕೊಮ್ಮೆ ಆಗಿದೆ ಎಂಬುದು ನಿಜ, ಅದು ಒಳ್ಳೆಯ ಬದಲಾವಣೆಯೂ ಹೌದು. ಆದರೆ ಅವಧಿ ಉದ್ದವಾಯಿತೇ ಹೊರತು ಪ್ರಶ್ನೆ ಬದಲಾಗಲಿಲ್ಲ. ರಾಷ್ಟ್ರೀಯತೆ ಯಾವುದು, ಭಾರತದಲ್ಲಿ ಇರುವ ಉದ್ದೇಶವೇನು, ಈ ಅವಧಿ ಮುಗಿದ ಮೇಲೆ ಎಲ್ಲಿ ವಾಸ ಎಂದು ಅಲ್ಲೇ ಹುಟ್ಟಿ, ಅಲ್ಲೇ ಮದುವೆಯಾಗಿ, ತಂದೆತಾಯಿಗಳ ಅಂತ್ಯಕ್ರಿಯೆಯನ್ನೂ ಅಲ್ಲೇ ಮಾಡಿದ ಮನುಷ್ಯನನ್ನು ಕೇಳಿದರೆ ಅದಕ್ಕೆ ಆತ ಕೊಡಬಹುದಾದ ಉತ್ತರದಿಂದ ಯಾವ ಅಧಿಕಾರಿಗೂ ಹೊಸದೇನೂ ತಿಳಿಯುವುದಿಲ್ಲ.

ಎರಡನೆಯ ದಾಖಲೆ ಐಸಿ, ಅಂದರೆ ಗುರುತಿನ ಪ್ರಮಾಣಪತ್ರ. 1967ರ ಪಾಸ್‌ಪೋರ್ಟ್ ಕಾಯ್ದೆ ಪಾಸ್‌ಪೋರ್ಟ್ ಅಲ್ಲದ ಕೆಲವು ಪ್ರಯಾಣ ದಾಖಲೆಗಳಿಗೂ ಅವಕಾಶ ಕೊಟ್ಟಿದೆ. ಹಳದಿ ಹೊದಿಕೆಯ ಕಾರಣಕ್ಕೆ ಹಳದಿ ಪುಸ್ತಕವೆಂದು ಹೆಸರಾದ ಇದು ಅವುಗಳಲ್ಲಿ ಒಂದು. ಅದನ್ನು ಹಿಡಿದು ವಿದೇಶಕ್ಕೆ ಹೋಗುವವರು ಹೋಗುವ ದೇಶದ ವೀಸಾ ಪಡೆದರೆ ಸಾಲದು, ಭಾರತವನ್ನು ಬಿಟ್ಟು ಹೋಗಲು ಅನುಮತಿ ಮತ್ತು ಭಾರತಕ್ಕೇ ಮರಳಲು ಒಪ್ಪಿಗೆ, ಎರಡನ್ನೂ ಬೇರೆಬೇರೆಯಾಗಿ ಬೇಡಬೇಕು. ಹುಟ್ಟಿದ ಮನೆಗೆ ವಾಪಸು ಬರಲು ಅಪ್ಪಣೆ ಕೇಳುವ ಈ ನಮೂನೆಯಿಂದ ಯಾವ ಶತ್ರು ತಡೆಯಲ್ಪಡುತ್ತಾನೆ ಎಂಬುದನ್ನು ಅದರ ಸಮರ್ಥಕರು ಎಂದಾದರೂ ವಿವರಿಸಬೇಕು.

ಇವೆರಡಕ್ಕಿಂತಲೂ ಹೆಚ್ಚಾಗಿ ವಿಚಾರ ಮಾಡಬೇಕಾದದ್ದು ಪಿಎಪಿ ಎಂದು ಕರೆಯುವ ಸಂರಕ್ಷಿತ ಪ್ರದೇಶದ ಪರವಾನಗಿ. ಸಂರಕ್ಷಿತ ಪ್ರದೇಶ ಎಂಬ ಕಲ್ಪನೆ 1958ರ ಆದೇಶವೊಂದರಿಂದ ಬಂದದ್ದು; ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಲ್ಲಿ ಅಂತರರಾಷ್ಟ್ರೀಯ ಗಡಿಗೂ ಅದರ ಒಳಗೆ ಎಳೆದ ಒಳಗೆರೆಗೂ ನಡುವಿನ ಪಟ್ಟಿಯಲ್ಲಿ ವಿದೇಶಿಯರು ಅಪ್ಪಣೆಯಿಲ್ಲದೆ ಓಡಾಡಬಾರದು ಎಂಬುದು ಅದರ ಮೂಲ ಉದ್ದೇಶ. ಗಡಿಯಲ್ಲಿ ಸೈನ್ಯವಿದೆ, ಠಾಣೆಗಳಿವೆ, ಅಲ್ಲಿ ಆ ನಿಯಮಕ್ಕೆ ಅರ್ಥವಿದೆ. ಕಾವೇರಿಯ ದಂಡೆಯ ಕೊಳ್ಳೇಗಾಲ ಸೀಮೆಗೆ ತಮಿಳುನಾಡಿನ ಗಡಿಯ ಹೊರತು ಬೇರೆ ಗಡಿಯೇ ಇಲ್ಲ. ಹೀಗಿದ್ದೂ ಕರ್ನಾಟಕದ ಟಿಬೆಟನ್ ನೆಲೆಗಳಲ್ಲಿ ವಿದೇಶಿ ಪಾಸ್‌ಪೋರ್ಟ್ ಇರುವವರು ಬಂದು ತಂಗಬೇಕಾದರೆ ಈ ಪರವಾನಗಿ ಬೇಕು, ಅದಕ್ಕೆ ಕೇಂದ್ರ ಗೃಹ ಸಚಿವಾಲಯಕ್ಕೆ ಅರ್ಜಿ ಹೋಗಬೇಕು, ತಿಂಗಳುಗಟ್ಟಲೆ ಕಾಯಬೇಕು.

ಇದರ ಪರಿಣಾಮ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದರೆ ಮಾತ್ರ ಈ ವ್ಯವಸ್ಥೆಯ ಸ್ವಭಾವ ಅರಿವಾಗುತ್ತದೆ. ಕಳೆದ ಎರಡು ಮೂರು ದಶಕಗಳಲ್ಲಿ ಟಿಬೆಟನ್ ನೆಲೆಗಳ ಯುವಕರು ದೊಡ್ಡ ಸಂಖ್ಯೆಯಲ್ಲಿ ಕೆನಡಾ, ಅಮೆರಿಕ ಮತ್ತು ಯುರೋಪಿನ ದೇಶಗಳಿಗೆ ಹೋಗಿ ಅಲ್ಲಿನ ಪೌರರಾಗಿದ್ದಾರೆ. ಹಾಗೆ ಹೋದ ಮಗನೊಬ್ಬ ತಾಯಿಯ ಕಾಯಿಲೆಯ ಸುದ್ದಿ ಕೇಳಿ ಭಾರತದ ವೀಸಾ ಪಡೆದು ಬಂದರೆ, ಕೊಳ್ಳೇಗಾಲ ಪಟ್ಟಣದ ಯಾವ ಲಾಡ್ಜಿನಲ್ಲಾದರೂ ಆ ರಾತ್ರಿಯೇ ಮಲಗಬಹುದು; ಲಾಡ್ಜಿನವರು ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಪೊಲೀಸರಿಗೆ ಕಳಿಸಬೇಕಾದ, ಸಿ ಫಾರಂ ಎಂದೇ ಹೆಸರಾಗಿದ್ದ ವರದಿಯನ್ನು ಕಳಿಸಿದರೆ ಮುಗಿಯಿತು. ಅದೇ ಮಗ ಕೆಲವು ಹರದಾರಿ ಆಚೆಗಿರುವ ತಾಯಿಯ ಮನೆಯಲ್ಲಿ, ಅವಳ ಹಾಸಿಗೆಯ ಪಕ್ಕದಲ್ಲಿ ಮಲಗಬೇಕಾದರೆ ದೆಹಲಿಯ ಪರವಾನಗಿ ಬೇಕು. ಅಪರಿಚಿತರ ನಡುವಿನ ಲಾಡ್ಜು ಸುರಕ್ಷಿತ, ತಾಯಿಯ ಮನೆ ಅಪಾಯಕಾರಿ ಎಂಬ ತೀರ್ಮಾನಕ್ಕೆ ಬಂದು ಮುಟ್ಟುವ ಭದ್ರತಾ ತರ್ಕ ಎಲ್ಲಿಯೋ ದಾರಿ ತಪ್ಪಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆಯನ್ನು ಈ ಸೀಮೆಯ ರೈತರು ಹೇಳುವುದು ಇಂಥ ಸಂದರ್ಭಕ್ಕೇ.

ಗಡಿ ಎಂದ ಮೇಲೆ ಕಾಗದ ಇರಲೇಬೇಕು, ಅದು ಲೋಕದ ರೂಢಿ ಎಂದು ವಾದಿಸುವವರಿಗೆ ಈ ನೆಲದ ಚರಿತ್ರೆಯೇ ಉತ್ತರ ಕೊಡುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಳ್ಳೇಗಾಲ ಇಂಗ್ಲಿಷರ ಪಾಲಾಗಿ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಯಳಂದೂರು ಮೈಸೂರು ಸಂಸ್ಥಾನದಲ್ಲೇ ಉಳಿದು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆಯಿತು. ಹೀಗೆ ಅರ್ಧ ದಿನದ ಗಾಡಿದಾರಿಯಷ್ಟು ಅಂತರದ ಎರಡು ಊರುಗಳ ನಡುವೆ ಬ್ರಿಟಿಷ್ ಇಂಡಿಯಾಕ್ಕೂ ದೇಶೀಯ ಸಂಸ್ಥಾನಕ್ಕೂ ನಡುವಿನ ಗಡಿ 1947ರವರೆಗೆ ಹಾದುಹೋಗಿತ್ತು, ರಾಜ್ಯಗಳ ಗಡಿಯಾಗಿ 1956ರ ನವೆಂಬರ್ 1ರವರೆಗೂ ಉಳಿದಿತ್ತು. ಆ ಗಡಿಯ ಎರಡೂ ಕಡೆ ಒಂದೇ ಭಾಷೆ, ಒಂದೇ ಬಳಗ, ಒಂದೇ ಮಾದಪ್ಪನ ಒಕ್ಕಲು. ರೇಷ್ಮೆ ಸೀರೆ ನೇಯುವವರೂ ಭತ್ತ ಬೆಳೆಯುವವರೂ ಜಾತ್ರೆಗೆ ಹೋಗುವವರೂ ಬೇರೆ ಪ್ರಭುತ್ವದ ನೆಲಕ್ಕೆ ಕಾಲಿಟ್ಟೆವೆಂಬ ಯೋಚನೆಯಿಲ್ಲದೆ ಅದನ್ನು ದಾಟುತ್ತಿದ್ದರು. 1946ರ ವಿದೇಶಿಯರ ಕಾಯ್ದೆ ಕೂಡ ಮೊದಲು ಬರೆದಾಗ ದೇಶೀಯ ಸಂಸ್ಥಾನಗಳ ಪ್ರಜೆಗಳನ್ನು ವಿದೇಶಿಯರ ಸಾಲಿನಿಂದ ಹೊರಗಿಟ್ಟಿತ್ತು. ಇಲ್ಲದಿದ್ದರೆ ಯಳಂದೂರಿನ ಮಗಳು ಕೊಳ್ಳೇಗಾಲದ ಗಂಡನ ಮನೆಯಲ್ಲಿ ಪರದೇಶಿಯಾಗುತ್ತಿದ್ದಳು. ಯಾರು ಒಳಗಿನವರು, ಯಾರು ಹೊರಗಿನವರು ಎಂಬುದು ಮಣ್ಣಿನ ಗುಣವಲ್ಲ, ಕಾಯ್ದೆಯ ಒಂದು ವಾಕ್ಯ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಇಂದಿನ ನಮೂನೆಗಳ ಹುಟ್ಟನ್ನೂ ಮರೆಯಬಾರದು. ಭಾರತಕ್ಕೆ ಬರುವವರನ್ನು ತಡೆದು ನಿಲ್ಲಿಸುವ ವ್ಯಾಪಕ ಅಧಿಕಾರವನ್ನು ಸರ್ಕಾರ ತನ್ನ ಕೈಗೆ ತೆಗೆದುಕೊಂಡದ್ದು 1914ರ ಸುಗ್ರೀವಾಜ್ಞೆಯೊಂದರ ಮೂಲಕ. ಅದು ಮೊದಲಿಗೆ ಬಳಕೆಯಾದದ್ದು ಕೆನಡಾದಿಂದ ಹಿಂದೆ ಕಳಿಸಲ್ಪಟ್ಟ ಕೊಮಗಾಟ ಮಾರು ಹಡಗಿನ ಪಂಜಾಬಿಗಳ ಮೇಲೆ ಮತ್ತು ಅವರಂತೆ ತಾಯ್ನಾಡಿಗೆ ಮರಳುತ್ತಿದ್ದ ಭಾರತೀಯರ ಮೇಲೆ. ಅದರ ಬೆನ್ನಿಗೆ 1920ರಲ್ಲಿ ಪಾಸ್‌ಪೋರ್ಟ್ ಕಾಯ್ದೆ, 1939ರಲ್ಲಿ ನೋಂದಣಿ ಕಾಯ್ದೆ, 1946ರಲ್ಲಿ ವಿದೇಶಿಯರ ಕಾಯ್ದೆ ಬಂದವು. ಪರಕೀಯ ಸರ್ಕಾರವೊಂದು ಆಳಿಸಿಕೊಳ್ಳುವವರನ್ನೆಲ್ಲ ಸಂದೇಹದಿಂದ ನೋಡುತ್ತಿದ್ದ ಕಾಲದ ಸಲಕರಣೆಗಳಿವು. ಸ್ವತಂತ್ರ ಭಾರತದಲ್ಲಿ ಪಾಸ್‌ಪೋರ್ಟ್ ಕೊಡುವುದು ಬಿಡುವುದು ಅಧಿಕಾರಿಯ ಮರ್ಜಿಗೆ ಬಿಟ್ಟ ವಿಷಯವಾಗಿಯೇ ಉಳಿದಿತ್ತು. 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವಿದೇಶ ಪ್ರಯಾಣ ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದು ಹೇಳಿದ ಮೇಲೆಯೇ ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಬಂದದ್ದು. ಕಾಗದದ ಅಧಿಕಾರಕ್ಕೆ ಮಿತಿ ಬಿದ್ದದ್ದು ಅದನ್ನು ಯಾರೋ ಪ್ರಶ್ನಿಸಿದ್ದರಿಂದ, ತಲೆಬಾಗಿ ತುಂಬಿದ್ದರಿಂದ ಅಲ್ಲ.

ಇನ್ನು ಪೌರತ್ವದ ವಿಷಯ. ಟಿಬೆಟನ್ನರೇ ಭಾರತದ ಪೌರತ್ವ ಬೇಡವೆನ್ನುತ್ತಾರೆ, ಬೇಕಿದ್ದರೆ ತೆಗೆದುಕೊಳ್ಳಲಿ, ಬೇಡವಾದರೆ ವಿದೇಶಿಯರ ನಮೂನೆ ತುಂಬಲಿ ಎಂಬ ಮಾತು ಈ ಭಾಗದಲ್ಲಿ ಸಾಮಾನ್ಯ. ಈ ಮಾತಿನಲ್ಲಿ ಕಾನೂನಿನ ಅರಿವೂ ಇಲ್ಲ, ವಸ್ತುಸ್ಥಿತಿಯ ಅರಿವೂ ಇಲ್ಲ. 1955ರ ಪೌರತ್ವ ಕಾಯ್ದೆಯ ಮೂರನೆಯ ಕಲಮಿನ ಪ್ರಕಾರ 1950ರ ಜನವರಿ 26ರಂದು ಅಥವಾ ಆಮೇಲೆ, 1987ರ ಜುಲೈ 1ಕ್ಕೆ ಮುಂಚೆ ಭಾರತದ ನೆಲದಲ್ಲಿ ಹುಟ್ಟಿದ ಪ್ರತಿಯೊಬ್ಬ ವ್ಯಕ್ತಿಯೂ ಹುಟ್ಟಿನಿಂದಲೇ ಭಾರತದ ಪೌರ. ರಾಯಭಾರಿಗಳ ಮಕ್ಕಳಂಥ ಒಂದೆರಡು ವಿನಾಯಿತಿ ಬಿಟ್ಟರೆ ತಂದೆತಾಯಿ ಯಾರು ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಹುಟ್ಟಿನಿಂದ ಬರುವ ಪೌರತ್ವಕ್ಕೆ ಅರ್ಜಿ ಬೇಕಿಲ್ಲ, ಅದನ್ನು ಯಾರೂ ದಯಪಾಲಿಸುವುದಿಲ್ಲ. ಆಮೇಲಿನ ತಿದ್ದುಪಡಿಗಳು ಬಾಗಿಲನ್ನು ಕಿರಿದು ಮಾಡಿದವು: 1987ರ ಜುಲೈ 1ರಿಂದ ಹುಟ್ಟಿದವರಿಗೆ ತಂದೆ ಅಥವಾ ತಾಯಿ ಪೌರರಾಗಿರಬೇಕು, 2004ರ ಡಿಸೆಂಬರ್ 3ರಿಂದ ಹುಟ್ಟಿದವರಿಗೆ ಇಬ್ಬರೂ ಪೌರರಾಗಿರಬೇಕು ಅಥವಾ ಒಬ್ಬರು ಪೌರರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು.

ಈ ದಿನಾಂಕಗಳನ್ನು ಒಡೆಯರಪಾಳ್ಯದ ಒಂದು ಮನೆಯೊಳಗೆ ತಂದು ನೋಡಬೇಕು. ಟಿಬೆಟಿನಲ್ಲಿ ಹುಟ್ಟಿ ನಡೆದು ಬಂದ ಗಂಡಹೆಂಡಿರಿಗೆ 1987ರ ಜೂನ್ ತಿಂಗಳ ಕೊನೆಯ ದಿನ ಮಗಳು ಹುಟ್ಟಿದ್ದರೆ ಅವಳು ಭಾರತದ ಪೌರಳು; ಮಾರನೆಯ ದಿನ ಪಕ್ಕದ ಮನೆಯಲ್ಲಿ ಅಂಥದೇ ತಂದೆತಾಯಿಗೆ ಹುಟ್ಟಿದ ಮಗ ವಿದೇಶಿ. ಅಕ್ಕ ಪೌರಳು, ಎರಡು ವರ್ಷ ಕಿರಿಯ ತಮ್ಮ ವಿದೇಶಿ. ಆ ಮನೆಯ ಇನ್ನೂ ಹಿರಿಯ ಅಕ್ಕನೊಬ್ಬಳಿಗೆ 2004ರ ಡಿಸೆಂಬರ್ 3ಕ್ಕೆ ಮುಂಚೆ ಮಗು ಹುಟ್ಟಿದ್ದರೆ, ಗಂಡ ಯಾರೇ ಆಗಿದ್ದರೂ, ಆ ಮಗುವೂ ಪೌರನೇ. ಹೀಗೆ ಒಂದೇ ಒಲೆಯ ಅನ್ನ ಉಂಡ ಮನೆಯೊಳಗೆ ಕಾನೂನು ಮೂರು ಬಗೆಯ ಜನರನ್ನು ಮಾಡಿದೆ. ಆದರೆ ನಮೂನೆ ಆ ಮೂರೂ ಬಗೆಯನ್ನು ಗಮನಿಸಲಿಲ್ಲ. ಎಲ್ಲರ ಕೈಗೂ ಒಂದೇ ಆರ್‌ಸಿ ಕೊಟ್ಟು ಎಲ್ಲರನ್ನೂ ಒಂದೇ ಮೊಹರಿನಲ್ಲಿ ವಿದೇಶಿಯರೆಂದು ಬರೆದುಕೊಂಡಿತು. ಕಾಯ್ದೆ ಪೌರನೆಂದು ಹೇಳಿದವನನ್ನು ಕಚೇರಿಯ ನಮೂನೆ ವಿದೇಶಿ ಮಾಡಿತು, ಆಮೇಲೆ ಆ ನಮೂನೆಯನ್ನೇ ಮುಂದೊಡ್ಡಿ, ನೀನೇ ವಿದೇಶಿಯೆಂದು ಸಹಿ ಮಾಡಿದ್ದೀಯಲ್ಲ ಎಂದು ಕೇಳಿತು. ಇಲ್ಲಿಯೇ ಇರುವುದು ಈ ವ್ಯವಸ್ಥೆಯ ಅತ್ಯಂತ ಗಂಭೀರವಾದ ಅನ್ಯಾಯ.

ನ್ಯಾಯಾಲಯಗಳು ಇದನ್ನು ಒಪ್ಪಲಿಲ್ಲ. 1986ರಲ್ಲಿ ಭಾರತದಲ್ಲಿ ಹುಟ್ಟಿದ ನಮ್‌ಗ್ಯಾಲ್ ಡೋಲ್ಕರ್ ಅವರಿಗೆ ಪಾಸ್‌ಪೋರ್ಟ್ ನಿರಾಕರಿಸಿದಾಗ ದೆಹಲಿ ಹೈಕೋರ್ಟು 2010ರ ಡಿಸೆಂಬರಿನಲ್ಲಿ ಅವರು ಹುಟ್ಟಿನಿಂದ ಭಾರತೀಯರು ಎಂದು ತೀರ್ಪು ಕೊಟ್ಟಿತು. ವಿದೇಶಿಯೆಂಬ ನೋಂದಣಿ ಹಕ್ಕನ್ನು ಅಳಿಸಲಾರದು ಎಂಬುದು ಅದರ ತಿರುಳು. 2013ರ ಆಗಸ್ಟಿನಲ್ಲಿ ಕರ್ನಾಟಕ ಹೈಕೋರ್ಟು, 1985ರಲ್ಲಿ ಭಾರತದಲ್ಲೇ ಹುಟ್ಟಿದ ಧರ್ಮಗುರು ಲಿಂಗ್ ರಿಂಪೋಚೆ ಅವರ ಪ್ರಕರಣದಲ್ಲಿ ಅದೇ ಮಾತನ್ನು ಎತ್ತಿಹಿಡಿಯಿತು. ಅದನ್ನು ಆಧರಿಸಿ 2014ರ ಫೆಬ್ರುವರಿಯಲ್ಲಿ ಚುನಾವಣಾ ಆಯೋಗ ಇಂಥವರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. ಇಷ್ಟಾದ ಮೇಲೂ 2017ರಲ್ಲಿ ಪಾಸ್‌ಪೋರ್ಟ್ ಬಯಸುವವರಿಗೆ ಷರತ್ತುಗಳು ಬಂದವು: ಆರ್‌ಸಿ ಮತ್ತು ಐಸಿ ಒಪ್ಪಿಸಬೇಕು, ಟಿಬೆಟನ್ ನೆಲೆಯಲ್ಲಿ ವಾಸಿಸಬಾರದು, ಟಿಬೆಟನ್ನರಿಗೆ ದೊರೆಯುವ ಸವಲತ್ತುಗಳನ್ನು ಬಿಡಬೇಕು. ಹುಟ್ಟಿನ ಹಕ್ಕನ್ನು ಪಡೆಯಲು ಹುಟ್ಟಿದ ಮನೆಯನ್ನು ಬಿಡಬೇಕೆಂದರೆ, ವಯಸ್ಸಾದ ತಂದೆತಾಯಿಯನ್ನೂ ಗೇಯ್ದ ಹೊಲವನ್ನೂ ತೊರೆಯಬೇಕೆಂದರೆ, ಹಿಂಜರಿದವರನ್ನು ಪೌರತ್ವ ಬೇಡವೆಂದವರು ಎಂದು ಕರೆಯುವುದು ನ್ಯಾಯವಲ್ಲ. ತಾಯ್ನಾಡಿನ ಬಿಡುಗಡೆಯ ಹಂಬಲದಿಂದ ನಿರಾಶ್ರಿತರಾಗಿಯೇ ಉಳಿಯಬಯಸುವವರೂ ಇದ್ದಾರೆ. ಅವರ ಆ ನಿಷ್ಠೆ ಗೌರವಕ್ಕೆ ಅರ್ಹ. ಆದರೆ ಆಯ್ಕೆ ಅವರದಾಗಿರಬೇಕು, ಷರತ್ತಿನದಾಗಿರಬಾರದು.

ಅವರಿಗೆ ಊರವರಿಗಿಂತ ಹೆಚ್ಚು ಸವಲತ್ತಿದೆ ಎಂಬ ಇನ್ನೊಂದು ದೂರನ್ನು ಹೆಚ್ಚು ಚರ್ಚಿಸಬೇಕಾಗಿಲ್ಲ. ಗೇಯುವ ಭೂಮಿ ಅವರ ಹೆಸರಿನಲ್ಲಿಲ್ಲ, ಅದು ಗುತ್ತಿಗೆಯದು. ಸರ್ಕಾರಿ ನೌಕರಿಯ ಬಾಗಿಲು ವಿದೇಶಿಗೆ ತೆರೆಯುವುದಿಲ್ಲ. ಅಕ್ಕಪಕ್ಕದ ಬಡ ರೈತನಿಗೂ ಸೋಲಿಗನಿಗೂ ಸಲ್ಲಬೇಕಾದದ್ದು ಸಂದಿಲ್ಲ ಎಂಬುದು ನಿಜವಾದ ದೂರು, ಅದಕ್ಕೆ ಉತ್ತರ ಕೊಡಬೇಕಾದವರು ಟಿಬೆಟನ್ನರಲ್ಲ.

ಕಾಗದ ಸರಿಯಿದ್ದರೆ ಅಂಜಿಕೆ ಏಕೆ ಎಂಬ ಮಾತು ಹೇಳಲು ಸುಲಭ. ಈ ಸೀಮೆಯ ಜನರ ಕಾಗದಗಳನ್ನು ಒಮ್ಮೆ ಮುಂದಿಟ್ಟುಕೊಂಡರೆ ಅದು ಎಷ್ಟು ಪೊಳ್ಳೆಂದು ತಿಳಿಯುತ್ತದೆ. ಮಲೆ ಮಹದೇಶ್ವರನ ಒಕ್ಕಲಿರುವ ಕಡೆ ಮನೆಗೊಬ್ಬ ಮಾದೇವ. ಅವನೇ ಶಾಲೆಯ ದಾಖಲೆಯಲ್ಲಿ ಮಹದೇವ, ಪಡಿತರ ಚೀಟಿಯಲ್ಲಿ ಮಾದಪ್ಪ, ಆಧಾರ್‌ನಲ್ಲಿ ಮಹದೇವಸ್ವಾಮಿ ಆಗಿರುವುದುಂಟು. ಇಂಗ್ಲಿಷಿಗೆ ಹೊರಳಿಸಿದಾಗ ಅಕ್ಷರಗಳು ಇನ್ನೊಮ್ಮೆ ಬದಲಾಗುತ್ತವೆ. ತಂದೆಯ ಹೆಸರಿನ ಮೊದಲಕ್ಷರವೇ ಮನೆತನದ ಗುರುತಾಗಿರುವ ಕಡೆ ನಮೂನೆ ಕೇಳುವ ಉಪನಾಮದ ಮನೆ ಖಾಲಿ ಉಳಿಯುತ್ತದೆ. ಟಿಬೆಟನ್ನರಿಗೂ ಇದೇ ಪಾಡು: ಬಹುಪಾಲು ಜನರಿಗೆ ಮನೆತನದ ಹೆಸರಿಲ್ಲ, ದಲೈ ಲಾಮಾ ಅವರ ಹೆಸರಿನಿಂದ ಬಂದ ತೆನ್‌ಜಿನ್ ಎಂಬುದು ಒಂದೇ ಬೀದಿಯಲ್ಲಿ ಹತ್ತಾರು ಮಕ್ಕಳಿಗಿದೆ. ಮಂಜಿನ ಕಣಿವೆ ದಾಟಿ ಬಂದ ಹಿರಿಯರಿಗೆ ಹುಟ್ಟಿದ ದಿನ ಗೊತ್ತಿಲ್ಲದೆ ಬರೆದುಕೊಂಡವರ ಅಂದಾಜೇ ಜನ್ಮದಿನವಾದದ್ದೂ ಇದೆ. ಇವುಗಳಲ್ಲಿ ಯಾವುದೂ ಮೋಸವಲ್ಲ, ಆದರೆ ನಮೂನೆಯ ಕಣ್ಣಿಗೆ ಪ್ರತಿಯೊಂದೂ ಮೋಸದ ಸುಳಿವು.

ಸುಳಿವೆಂದು ಬಗೆದರೆ ಏನಾಗುತ್ತದೆ ಎಂಬುದನ್ನು ಅಸ್ಸಾಂ ತೋರಿಸಿದೆ. ಅಲ್ಲಿನ ರಾಷ್ಟ್ರೀಯ ಪೌರತ್ವ ನೋಂದಣಿಯ ಅಂತಿಮ ಪಟ್ಟಿ 2019ರ ಆಗಸ್ಟ್ 31ರಂದು ಹೊರಬಂದಾಗ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ವಿದೇಶಿ ಅಲ್ಲವೆಂದು ಸಾಬೀತು ಮಾಡುವ ಹೊಣೆ ಆರೋಪ ಹೊತ್ತವನ ಮೇಲೆಯೇ ಇರುವುದರಿಂದ ಒಂದು ಕಾಗುಣಿತದ ವ್ಯತ್ಯಾಸ ಬದುಕನ್ನೇ ಬುಡಮೇಲು ಮಾಡಬಲ್ಲದು. 2024ರ ಜುಲೈಯಲ್ಲಿ ರಹೀಂ ಅಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಯಾರನ್ನೋ ಸುಮ್ಮನೆ ಸಂಶಯಿಸಿ ಸಾಬೀತಿನ ಹೊಣೆ ಹೊರಿಸುವಂತಿಲ್ಲ, ಮೊದಲು ಅಧಿಕಾರಿಯ ಕೈಯಲ್ಲಿ ಆಧಾರವಿರಬೇಕು, ಹೆಸರು ಮತ್ತು ದಿನಾಂಕದ ಸಣ್ಣ ವ್ಯತ್ಯಾಸಗಳು ಸಾಕಾಗುವುದಿಲ್ಲ ಎಂದು ಹೇಳಿತು. ಕರ್ನಾಟಕವೂ ಇದರಿಂದ ದೂರವಿಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶಿಗಳೆಂಬ ಹೆಸರಿನಲ್ಲಿ ಗುಡಿಸಲುಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ನಮ್ಮದೇ ಉತ್ತರ ಕರ್ನಾಟಕದ ಕೂಲಿಕಾರರೂ ಇದ್ದರು. ಹೈಕೋರ್ಟು ಮಧ್ಯೆ ಬರಬೇಕಾಯಿತು.

ಸಂಶಯವೇ ರಕ್ಷಣೆ ಎಂಬ ತತ್ವವನ್ನು ಹನೂರು ಸೀಮೆ ಒಮ್ಮೆ ಮೈಮೇಲೆ ಅನುಭವಿಸಿದೆ. ಕಾಡುಗಳ್ಳ ವೀರಪ್ಪನ್‌ನ ಬೇಟೆಯ ವರ್ಷಗಳಲ್ಲಿ ಪಾಲಾರ್, ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಹಳ್ಳಿಗರೆಲ್ಲ ಅವನ ಕಡೆಯವರೆಂಬ ಅನುಮಾನಕ್ಕೆ ಗುರಿಯಾದರು. 1993ರ ಏಪ್ರಿಲ್ 9ರ ಪಾಲಾರ್ ಸ್ಫೋಟದಲ್ಲಿ 22 ಜನ ಸತ್ತದ್ದು ಸಣ್ಣ ದುರಂತವಲ್ಲ, ಪೊಲೀಸರೂ ಅರಣ್ಯ ಸಿಬ್ಬಂದಿಯೂ ಪ್ರಾಣ ತೆತ್ತದ್ದು ಮರೆಯುವಂಥದ್ದಲ್ಲ. ಆದರೆ ಆ ಬಳಿಕ ನಿರಪರಾಧಿಗಳ ಮೇಲೆ ನಡೆದ ದೌರ್ಜನ್ಯದ ದೂರುಗಳು ಎಷ್ಟು ಗಂಭೀರವಾಗಿದ್ದವೆಂದರೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಬೇಕಾಯಿತು, 2007ರಲ್ಲಿ 89 ಮಂದಿಗೆ ಪರಿಹಾರ ಕೊಡಿಸಬೇಕಾಯಿತು. ವೀರಪ್ಪನ್ ಕೊನೆಗೆ 2004ರ ಅಕ್ಟೋಬರ್ 18ರಂದು ಸತ್ತದ್ದು ಹಳ್ಳಿಹಳ್ಳಿಯನ್ನು ಸಂಶಯಿಸಿದ್ದರಿಂದಲ್ಲ. ನಂಬಿಕಸ್ಥ ಮಾಹಿತಿದಾರರನ್ನು ಅವನ ಹತ್ತಿರಕ್ಕೆ ನುಗ್ಗಿಸಿದ್ದರಿಂದ. ಭದ್ರತೆಗೆ ಬೇಕಾದ ಸುದ್ದಿ ಬರುವುದು ಪೊಲೀಸರನ್ನು ನಂಬುವ ಜನರಿಂದ. ಐವತ್ತು ವರ್ಷದ ನೆರೆಯವರನ್ನು ಪ್ರತಿ ಅವಧಿಗೂ ಹೊಸ ಆಗಂತುಕರಂತೆ ನಿಲ್ಲಿಸುವ ಕಚೇರಿ ಆ ನಂಬಿಕೆಯನ್ನು ತಾನೇ ಕಳೆದುಕೊಳ್ಳುತ್ತದೆ.

ಎಲ್ಲವೂ ಆನ್‌ಲೈನ್ ಆದ ಮೇಲೆ ತೊಂದರೆಯೇನು ಎಂದು ಕೇಳುವವರಿದ್ದಾರೆ. ನೋಂದಣಿಯ ಕೆಲಸ ಕಂಪ್ಯೂಟರಿಗೆ ಬಂದದ್ದರಿಂದ ಬಸ್ಸಿನ ಖರ್ಚು ಕೆಲವರಿಗೆ ಉಳಿದಿರಬಹುದು. ಆದರೆ ಇಂಗ್ಲಿಷ್ ನಮೂನೆಯನ್ನು ಸೈಬರ್ ಅಂಗಡಿಯ ಹುಡುಗ ತುಂಬಿದರೆ ಅವನ ಬೆರಳಿನ ತಪ್ಪು ಅರ್ಜಿದಾರನ ಸುಳ್ಳಾಗಿ ದಾಖಲಾಗುತ್ತದೆ, ಫೋಟೋದ ಅಳತೆ ಹೆಚ್ಚಾಯಿತೆಂದು ಯಂತ್ರ ಅರ್ಜಿಯನ್ನು ತಳ್ಳಿದರೆ ಕಾರಣ ಕೇಳಲು ಎದುರಿಗೆ ಮನುಷ್ಯನಿರುವುದಿಲ್ಲ. ತಪ್ಪಾದ ಪ್ರಶ್ನೆಯನ್ನು ಬೇಗ ಕೇಳುವುದರಿಂದ ಅದು ಸರಿಯಾದ ಪ್ರಶ್ನೆಯಾಗುವುದಿಲ್ಲ.

2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದಿದೆ. 1920, 1939, 1946ರ ಹಳೆಯ ಕಾಯ್ದೆಗಳೂ 2000ದ ಒಂದು ಕಾಯ್ದೆಯೂ ಇದರಿಂದ ರದ್ದಾದವು. ವಸಾಹತುಶಾಹಿಯ ಹಳೆ ಕಾಯ್ದೆಗಳು ಹೋದವು ಎಂದು ಸಂತೋಷಪಟ್ಟವರು ಒಳಗಿನ ಕಲಮುಗಳನ್ನು ಓದಬೇಕು. ತಾನು ವಿದೇಶಿಯಲ್ಲ ಎಂದು ತೋರಿಸುವ ಹೊಣೆ ಈಗಲೂ ವ್ಯಕ್ತಿಯ ಮೇಲೆಯೇ ಇದೆ. ಸರಿಯಾದ ದಾಖಲೆಯಿಲ್ಲದೆ ಪ್ರವೇಶಿಸಿದವರಿಗೆ ಐದು ವರ್ಷದವರೆಗೆ ಸೆರೆ ಅಥವಾ ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಎಂದು ಬರೆದಿದೆ. ನೋಂದಾಯಿತ ಟಿಬೆಟನ್ನರಿಗೆ ಜೊತೆಯಲ್ಲೇ ಬಂದ ವಿನಾಯಿತಿ ಆದೇಶ ಸಮಾಧಾನದ ವಿಷಯ. ಆದರೆ ಆದೇಶದಿಂದ ಬಂದದ್ದು ಆದೇಶದಿಂದ ಹೋಗಬಹುದು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಮಾಡಿಲ್ಲ, ನಿರಾಶ್ರಿತ ಎಂಬ ಸ್ಥಾನಮಾನವನ್ನು ನಿರೂಪಿಸುವ ಕಾನೂನೂ ದೇಶದಲ್ಲಿಲ್ಲ. ಪರದೇಶಿ ಎಂಬ ಪದಕ್ಕೆ ಕನ್ನಡದಲ್ಲಿ ಬೇರೆ ದೇಶದವನು ಎಂಬ ಅರ್ಥದ ಜೊತೆಗೆ ಗತಿಯಿಲ್ಲದವನು ಎಂಬ ಅರ್ಥವೂ ಇದೆ. ಮೊದಲ ಅರ್ಥದ ಮೊಹರು ಎಷ್ಟು ಸಲೀಸಾಗಿ ಎರಡನೆಯ ಅರ್ಥಕ್ಕೆ ಒಯ್ಯುತ್ತದೆ ಎಂಬುದನ್ನು ಭಾಷೆ ಮೊದಲೇ ಅರಿತಿದೆ.

ಆಗಬೇಕಾದದ್ದು ಕಷ್ಟದ ಕೆಲಸವಲ್ಲ. 1987ರ ಜುಲೈಗೆ ಮುಂಚೆ ಕರ್ನಾಟಕದ ನೆಲೆಗಳಲ್ಲಿ ಹುಟ್ಟಿದವರ ಪಟ್ಟಿ ಸರ್ಕಾರದ ಕೈಯಲ್ಲೇ ಇದೆ, ಏಕೆಂದರೆ ಅವರನ್ನು ಬರೆದುಕೊಂಡದ್ದು ಅದೇ. ಅವರಲ್ಲಿ ಬಯಸಿದವರಿಗೆ ಮನೆ ಬಿಡುವ ಷರತ್ತಿಲ್ಲದೆ ಪೌರರ ದಾಖಲೆ ಕೊಡಬೇಕು. ಉಳಿದವರ ನೋಂದಣಿಯನ್ನು ಒಮ್ಮೆ ಮಾಡಿ, ಬದಲಾವಣೆಯಾದಾಗ ಮಾತ್ರ ತಿದ್ದಬೇಕು. ಗಡಿಯ ಪರವಾನಗಿಯನ್ನು ಗಡಿಗೆ ಹಿಂದಿರುಗಿಸಿ, ತಾಯಿಯ ಮನೆಗೆ ಬರುವ ಮಗನಿಗೆ ಲಾಡ್ಜಿಗೆ ಇರುವಷ್ಟೇ ಸರಳವಾದ ವರದಿ ಸಾಕೆಂದು ಜಿಲ್ಲಾ ಮಟ್ಟದಲ್ಲಿಯೇ ತೀರ್ಮಾನವಾಗುವಂತೆ ಮಾಡಬೇಕು. ಈ ಸೀಮೆಯ ಜನಪ್ರತಿನಿಧಿಗಳು ಇದನ್ನು ವಿಧಾನಸೌಧದಲ್ಲೂ ಸಂಸತ್ತಿನಲ್ಲೂ ಕೇಳಬೇಕು. ಮತವಿಲ್ಲದವರ ಪರವಾಗಿ ಕೇಳುವುದು ಅವರ ಕೆಲಸದ ಹೊರಗಿನದಲ್ಲ.

ಧೊಂಡೆನ್‌ಲಿಂಗ್ ಏರ್ಪಟ್ಟ ಮೊದಲ ವರ್ಷಗಳಲ್ಲಿ ಅಲ್ಲಿ ಹುಟ್ಟಿದ ಮಕ್ಕಳಿಗೆ ಈಗ ಐವತ್ತರ ಆಸುಪಾಸು. 1955ರ ಕಾಯ್ದೆ ಅವರನ್ನು ಹುಟ್ಟಿದ ದಿನವೇ ಭಾರತದ ಪೌರರೆಂದು ಒಪ್ಪಿದೆ.